ದಂಡ ಕಟ್ಟಲು ತಪ್ಪಿದಲ್ಲಿ: ಒಂದು ದಿನದ ಬೆಲೆ ಎಷ್ಟು?

(ನಮ್ಮ ತಾಲ್ಲೂಕು ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಆಡಿದ ಮಾತು. ಬಂದಿದ್ದವರಲ್ಲಿ ಕೆಲವರು ಬರೆದುಕೊಡಿ ಎಂದರು. ಎಳೆದಾಡಿದ ಕಡೆ ಕತ್ತರಿ ಹಾಕಿದ್ದೇನೆ, ಉಳಿದದ್ದು ಹೆಚ್ಚುಕಮ್ಮಿ ಆಡಿದ ಹಾಗೇ ಇದೆ.)

ಪೇಪರಿನ ಜಿಲ್ಲಾ ಪುಟದಲ್ಲಿ ನೀವೆಲ್ಲ ನೂರು ಸಲ ಓದಿರುವ ಒಂದು ವಾಕ್ಯದಿಂದ ಶುರು ಮಾಡುತ್ತೇನೆ. "ಆರೋಪ ಸಾಬೀತಾದ ಹಿನ್ನೆಲೆಯಲ್ಲಿ ಅಪರಾಧಿಗೆ ಇಷ್ಟು ತಿಂಗಳ ಸಜೆ ಹಾಗೂ ಇಷ್ಟು ಸಾವಿರ ರೂಪಾಯಿ ದಂಡ ವಿಧಿಸಲಾಗಿದೆ. ದಂಡ ಪಾವತಿಸಲು ತಪ್ಪಿದಲ್ಲಿ ಹೆಚ್ಚುವರಿಯಾಗಿ ಮೂರು ತಿಂಗಳ ಸಾದಾ ಸಜೆ ಅನುಭವಿಸಬೇಕು." ಇದಾದ ಮೇಲೆ ಸರ್ಕಾರಿ ಅಭಿಯೋಜಕರು ಯಾರು ಎಂಬ ಒಂದು ಸಾಲು ಇರುತ್ತದೆ, ಸುದ್ದಿ ಮುಗಿಯುತ್ತದೆ. ಆ "ತಪ್ಪಿದಲ್ಲಿ" ಎಂಬ ಪದದ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಇಪ್ಪತ್ತು ವರ್ಷ ಕರಿಕೋಟು ಹಾಕಿಕೊಂಡು ಓಡಾಡಿದ ನನ್ನ ಕಣ್ಣೂ ಬಹಳ ಕಾಲ ನಿಂತಿರಲಿಲ್ಲ. ಇವತ್ತು ಆ ಒಂದು ಪದದ ಬಗ್ಗೆ ಮಾತ್ರ ಮಾತಾಡೋಣ ಅಂತ ಬಂದಿದ್ದೇನೆ.

ನಮ್ಮ ಭಾಷೆಯಲ್ಲಿ ದಂಡ ಅನ್ನುವುದು ತಮಾಷೆಯ ಪದ. ಕೈಯಲ್ಲಿ ಹಿಡಿಯುವ ಕೋಲೂ ದಂಡ, ಕೊಡುವ ಶಿಕ್ಷೆಯೂ ದಂಡ, ಕಟ್ಟುವ ದುಡ್ಡೂ ದಂಡ. ದುಡ್ಡು ಸುಮ್ಮನೆ ಹಾಳಾದರೆ "ಎಲ್ಲಾ ದಂಡ ಆಯ್ತು" ಅಂತೀವಿ. ನಾನು ಹೇಳಹೊರಟಿರುವ ಮನುಷ್ಯನ ಕಥೆಯಲ್ಲಿ ಈ ನಾಲ್ಕೂ ಅರ್ಥಗಳು ಒಟ್ಟಿಗೆ ಬಂದವು.

2024ರ ಆರಂಭದ ಮಾತು. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿ. ಹೆಸರು ಬೇಡ. ಯಾರದೋ ತೋಟದ ಬೋರ್‌ವೆಲ್ಲಿನ ಕೇಬಲ್ ಕದ್ದಿದ್ದ. ಕದ್ದದ್ದು ನಿಜ, ಅವನೇ ಒಪ್ಪಿಕೊಂಡಿದ್ದ. ಪೊಲೀಸರ ಮಹಜರಿನಲ್ಲಿ ಮಾಲಿನ ಬೆಲೆ 4,200 ರೂಪಾಯಿ ಅಂತ ಬರೆದಿತ್ತು. ಜಾಮೀನು ಮಂಜೂರಾಗಿತ್ತು, ಆದರೆ ಪಹಣಿ ಹಿಡಿದುಕೊಂಡು ಬಂದು ಸಹಿ ಹಾಕುವ ಜಾಮೀನುದಾರ ಅವನಿಗೆ ಸಿಗಲಿಲ್ಲ. ಹಾಗಾಗಿ ವಿಚಾರಣಾಧೀನ ಕೈದಿಯಾಗಿ ಐದು ತಿಂಗಳು ಒಳಗೇ ಇದ್ದ. ಕೊನೆಗೆ ತಪ್ಪೊಪ್ಪಿಕೊಂಡ. ಮ್ಯಾಜಿಸ್ಟ್ರೇಟರು ಕರುಣೆ ಇದ್ದವರೇ. ನಾಲ್ಕು ತಿಂಗಳ ಸಜೆ, 10,000 ದಂಡ, ತಪ್ಪಿದಲ್ಲಿ ಮೂರು ತಿಂಗಳ ಸಾದಾ ಸಜೆ ಅಂದರು.

ನಾನು ಕಾನೂನು ನೆರವಿನ ಕಡೆಯಿಂದ ಅವನ ವಕೀಲ. ನನ್ನ ಮನಸ್ಸಿನಲ್ಲಿ ಲೆಕ್ಕ ಮುಗಿದೇ ಹೋಗಿತ್ತು. ಶಿಕ್ಷೆ ನಾಲ್ಕು ತಿಂಗಳು, ಒಳಗಿದ್ದದ್ದು ಐದು ತಿಂಗಳು. ವಿಚಾರಣೆ ಕಾಲದಲ್ಲಿ ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ವಜಾ ಮಾಡಬೇಕು ಅನ್ನುತ್ತೆ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಂ. ನಾವು ಸೆಟ್ ಆಫ್ ಅಂತೀವಿ. "ಇವತ್ತೇ ಮನೆಗೆ ಹೋಗ್ತೀಯಪ್ಪ" ಅಂತ ಕಟಕಟೆಯ ಪಕ್ಕದಲ್ಲೇ ಹೇಳಿಬಿಟ್ಟೆ.

ಸಂಜೆ ಐದೂಕಾಲಿಗೆ ಅವನನ್ನು ಮತ್ತೆ ವ್ಯಾನು ಹತ್ತಿಸಿದರು.

ಯಾಕೆ ಅಂದರೆ ಅದೇ 428ನೇ ಕಲಮಿನ ಹೊಟ್ಟೆಯೊಳಗೆ ಒಂದು ಸಣ್ಣ ವಾಕ್ಯವಿದೆ. ವಜಾ ಸಿಗುವುದು ಮೂಲ ಶಿಕ್ಷೆಗೆ ಮಾತ್ರ, ದಂಡ ಕಟ್ಟದ್ದಕ್ಕೆ ಅನುಭವಿಸುವ ಸಜೆಗೆ ಅಲ್ಲ. ಅವನು ಶಿಕ್ಷೆಗಿಂತ ಒಂದು ತಿಂಗಳು ಜಾಸ್ತಿಯೇ ಒಳಗಿದ್ದ. ಆ ಜಾಸ್ತಿ ತಿಂಗಳು ಎಲ್ಲೂ ಜಮೆ ಆಗುವುದಿಲ್ಲ. ಈಗ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅಲ್ಲಿ ಇದು 468ನೇ ಕಲಂ. ನಂಬರು ಬದಲಾಗಿದೆ, ಹೊಟ್ಟೆಯೊಳಗಿನ ವಾಕ್ಯ ಹಾಗೇ ಇದೆ.

ಮೇಲ್ಮನವಿ ಹಾಕಿ ಶಿಕ್ಷೆಯನ್ನು ಅಮಾನತು ಮಾಡಿಸಬಹುದಿತ್ತಲ್ಲ ಅಂತ ಇಲ್ಲಿ ಕೂತಿರುವ ಕಾನೂನು ವಿದ್ಯಾರ್ಥಿಗಳು ಕೇಳುತ್ತಾರೆ. ಮಾಡಿಸಬಹುದಿತ್ತು. ಅದಕ್ಕೂ ಜಾಮೀನುದಾರ ಬೇಕು. ಜಾಮೀನುದಾರ ಇಲ್ಲದ್ದಕ್ಕೇ ತಾನೇ ಐದು ತಿಂಗಳು ಒಳಗಿದ್ದದ್ದು.

ಜೈಲಿನ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ಎರಡು ಬಿಡುಗಡೆ ದಿನಾಂಕ ಬರೆದಿದ್ದರು, ಒಂದು ದಂಡ ಕಟ್ಟಿದರೆ, ಇನ್ನೊಂದು ಕಟ್ಟದಿದ್ದರೆ. ಮೊದಲನೆಯ ದಿನಾಂಕ ಅವನು ಅಲ್ಲಿಗೆ ಹೋಗುವ ಮೊದಲೇ ಕಳೆದುಹೋಗಿತ್ತು. ಎರಡನೆಯದು ತೊಂಬತ್ತು ದಿನ ಆಚೆ. ಒಬ್ಬನೇ ಮನುಷ್ಯ, ಒಂದೇ ಅಪರಾಧ. ಎರಡು ದಿನಾಂಕದ ನಡುವೆ ಇದ್ದದ್ದು ಹತ್ತು ಸಾವಿರ ರೂಪಾಯಿ ಮಾತ್ರ.

ಆ ರಾತ್ರಿ ನಾನು ಮನೆಯಲ್ಲಿ ಕೂತು ಒಂದು ಭಾಗಾಕಾರ ಮಾಡಿದೆ. 10,000ವನ್ನು 90ರಿಂದ ಭಾಗಿಸಿದರೆ ದಿನಕ್ಕೆ 111 ರೂಪಾಯಿ ಚಿಲ್ಲರೆ. ಅಂದರೆ ಈ ಮನುಷ್ಯನ ಒಂದು ದಿನದ ಸ್ವಾತಂತ್ರ್ಯಕ್ಕೆ ಸರ್ಕಾರ ಕಟ್ಟಿದ ಬೆಲೆ 111 ರೂಪಾಯಿ. ಯಾರ್ಡಿನಲ್ಲಿ ಮೂಟೆ ಹೊತ್ತರೆ ಅವನು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅಷ್ಟು ದುಡಿಯುತ್ತಿದ್ದ. ಅವನನ್ನು ಹೊರಗೆ ಬಿಟ್ಟಿದ್ದರೆ ಒಂದು ತಿಂಗಳಲ್ಲಿ ಕಟ್ಟುತ್ತಿದ್ದ. ದುಡಿಯುವ ಕೈಯನ್ನು ಕಟ್ಟಿಹಾಕಿ ದುಡ್ಡು ತಾ ಅನ್ನುವುದು ಯಾವ ಸಾಹುಕಾರನೂ ಮಾಡದ ವ್ಯಾಪಾರ. ಎತ್ತನ್ನು ದೊಡ್ಡಿಗೆ ಹಾಕಿ, ಹೊಲ ಯಾಕೆ ಉತ್ತಿಲ್ಲ ಅಂತ ಕೇಳಿದ ಹಾಗೆ.

ಭಾಗಾಕಾರದ ಚಟ ಹತ್ತಿದರೆ ಬಿಡುವುದಿಲ್ಲ. ನಮಗೆಲ್ಲ ಗೊತ್ತಿರುವ ಇನ್ನೆರಡು ದಂಡಗಳಿಗೂ ಅದೇ ಲೆಕ್ಕ ಹಾಕಿದೆ.

ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದ ವಿ.ಕೆ. ಶಶಿಕಲಾ ನೆನಪಿರಬೇಕು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಜಾನ್ ಮೈಕೇಲ್ ಕುನ್ಹಾ ಅವರು 2014ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟು 2017ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ನಾಲ್ಕು ವರ್ಷ ಸಜೆ, ಹತ್ತು ಕೋಟಿ ದಂಡ, ತಪ್ಪಿದಲ್ಲಿ ಇನ್ನೊಂದು ವರ್ಷ. ಶಶಿಕಲಾ 2020ರ ನವೆಂಬರ್‌ನಲ್ಲಿ ದಂಡ ಕಟ್ಟಿಸಿದರು, 2021ರ ಜನವರಿ 27ಕ್ಕೆ ಬಿಡುಗಡೆಯಾದರು. ಅದೇ ಪ್ರಕರಣದ ಇನ್ನೊಬ್ಬ ಅಪರಾಧಿ ಕಟ್ಟಲಿಲ್ಲ. ಒಂದು ವರ್ಷ ಹೆಚ್ಚಿಗೆ ಇದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊರಬಂದರು. ಹತ್ತು ಕೋಟಿಯನ್ನು 365ರಿಂದ ಭಾಗಿಸಿ ನೋಡಿ. ದಿನಕ್ಕೆ ಎರಡು ಲಕ್ಷದ ಎಪ್ಪತ್ತಮೂರು ಸಾವಿರಕ್ಕೂ ಮೇಲೆ.

ಇನ್ನೊಂದು ತುದಿಯಲ್ಲಿ ವಕೀಲ ಪ್ರಶಾಂತ್ ಭೂಷಣ್. ನ್ಯಾಯಾಂಗ ನಿಂದನೆಗೆ 2020ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ವಿಧಿಸಿದ ದಂಡ ಒಂದು ರೂಪಾಯಿ. ತಪ್ಪಿದಲ್ಲಿ ಮೂರು ತಿಂಗಳು ಜೈಲು, ಸುಪ್ರೀಂ ಕೋರ್ಟಿನಲ್ಲಿ ಮೂರು ವರ್ಷ ವಕೀಲಿಗೆ ನಿಷೇಧ. ಅಲ್ಲಿ ಒಂದು ದಿನದ ಬೆಲೆ ಒಂದು ಪೈಸೆ ಚಿಲ್ಲರೆ. ಅವರು ರೂಪಾಯಿ ಕಟ್ಟಿದರು, ದೇಶವೆಲ್ಲ ನೋಡಿತು.

ಒಂದು ಪೈಸೆ, 111 ರೂಪಾಯಿ, ಎರಡೂಮುಕ್ಕಾಲು ಲಕ್ಷ. ಮೂವರಿಗೂ ದಿನ ಅಂದರೆ ಇಪ್ಪತ್ನಾಲ್ಕು ಗಂಟೆಯೇ. ಮಂಡಿಯಲ್ಲಿ ಕೊಬ್ಬರಿಗೂ ಈರುಳ್ಳಿಗೂ ದಿನದಿನ ರೇಟು ಬರೆದು ಹಾಕುತ್ತಾರೆ. ರೂಪಾಯಿಗೂ ದಿನಕ್ಕೂ ಇರುವ ಈ ವಿನಿಮಯ ದರವನ್ನು ಬರೆದು ಹಾಕಿದ ಬೋರ್ಡು ಎಲ್ಲೂ ಇಲ್ಲ. ಮಿತಿ ಇದೆ, ದರ ಇಲ್ಲ. ನನ್ನ ತಕರಾರು ಇಷ್ಟೇ. ಮುಂದೆ ಹೇಳುವುದೆಲ್ಲ ಇದರದೇ ವಿಸ್ತಾರ.

ಮಿತಿ ಏನು ಅಂತ ನೋಡಿಬಿಡೋಣ. 1860ರ ಭಾರತೀಯ ದಂಡ ಸಂಹಿತೆ, ನಮ್ಮ ಐಪಿಸಿ, 63ರಿಂದ 70ರವರೆಗಿನ ಎಂಟು ಕಲಂಗಳನ್ನು ಇದಕ್ಕೇ ಮೀಸಲಿಟ್ಟಿತ್ತು. ಜೈಲು ಶಿಕ್ಷೆಗೂ ಅವಕಾಶವಿರುವ ಅಪರಾಧವಾದರೆ, ದಂಡ ಕಟ್ಟದ್ದಕ್ಕೆ ಕೊಡುವ ಸಜೆ ಆ ಅಪರಾಧದ ಗರಿಷ್ಠ ಶಿಕ್ಷೆಯ ಕಾಲುಭಾಗ ಮೀರಬಾರದು. ಕಳ್ಳತನಕ್ಕೆ ಮೂರು ವರ್ಷ ಗರಿಷ್ಠ, ಹಾಗಾಗಿ ನನ್ನ ಹಮಾಲಿಗೆ ಒಂಬತ್ತು ತಿಂಗಳವರೆಗೂ ಹಾಕಬಹುದಿತ್ತು. ಮೂರೇ ಹಾಕಿದ ಮ್ಯಾಜಿಸ್ಟ್ರೇಟರನ್ನು ಕರುಣೆ ಇದ್ದವರು ಅಂದದ್ದು ಅದಕ್ಕೇ. ಬರೀ ದಂಡ ಮಾತ್ರ ಇರುವ ಅಪರಾಧಗಳಿಗೆ ಬೇರೆ ಪಟ್ಟಿ: 50 ರೂಪಾಯಿವರೆಗಿನ ದಂಡಕ್ಕೆ ಎರಡು ತಿಂಗಳವರೆಗೆ, 100 ರೂಪಾಯಿವರೆಗೆ ನಾಲ್ಕು ತಿಂಗಳು, ಅದಕ್ಕಿಂತ ಮೇಲೆ ಎಷ್ಟಾದರೂ ಆರು ತಿಂಗಳು.

1860ರಲ್ಲಿ ನೂರು ರೂಪಾಯಿ ಅಂದರೆ ಕೂಲಿಯವನ ಒಂದು ವರ್ಷದ ದುಡಿಮೆಗೂ ಮೀರಿದ ಮೊತ್ತ. ಆ ಪಟ್ಟಿ 2024ರ ಜೂನ್ 30ರವರೆಗೂ ಒಂದಕ್ಷರ ಬದಲಾಗದೆ ಇತ್ತು. ಹೋಟೆಲಿನಲ್ಲಿ ಒಂದು ಪ್ಲೇಟ್ ಇಡ್ಲಿ, ಒಂದು ಕಾಫಿಯ ದುಡ್ಡಿಗೆ ಎರಡು ತಿಂಗಳ ಜೈಲು ಕಾನೂನಿನ ಪುಸ್ತಕದಲ್ಲಿ ಕೂತಿತ್ತು. ಈಗಿನ ಕಾಲದಲ್ಲಿ ಐವತ್ತು ನೂರು ರೂಪಾಯಿ ದಂಡ ಯಾರು ಹಾಕುತ್ತಾರೆ? ಹಾಗಾಗಿ ಹಣದುಬ್ಬರ ತಾನೇ ತಾನಾಗಿ ಎಲ್ಲ ದಂಡಗಳನ್ನೂ ಮೇಲಿನ ಮೆಟ್ಟಿಲಿಗೆ, ಆರು ತಿಂಗಳ ಮೆಟ್ಟಿಲಿಗೆ ದೂಡಿಬಿಟ್ಟಿತ್ತು. ಶಾಸಕರೂ ಬೇಕಾಗಲಿಲ್ಲ, ಸಂಸತ್ತೂ ಬೇಕಾಗಲಿಲ್ಲ.

2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಹೆಸರಿನಲ್ಲಿದ್ದ ದಂಡ ಹೋಗಿ ನ್ಯಾಯ ಬಂತು. ಎಂಟು ಕಲಂಗಳನ್ನು ಒಂದೇ 8ನೇ ಕಲಂ ಮಾಡಿದರು. ಪಟ್ಟಿಯನ್ನೂ ತಿದ್ದಿದರು: 5,000ದವರೆಗೆ ಎರಡು ತಿಂಗಳು, 10,000ದವರೆಗೆ ನಾಲ್ಕು ತಿಂಗಳು. ಸಂತೋಷ. ಅದಕ್ಕಿಂತ ಮೇಲಿನದಕ್ಕೆ? ಮೊದಲು ಆರು ತಿಂಗಳಿದ್ದದ್ದು ಈಗ ಒಂದು ವರ್ಷ. ಕೆಳಗಿನ ಎರಡು ಮೆಟ್ಟಿಲಲ್ಲಿ ರೂಪಾಯಿಯ ಬೆಲೆ ಸರಿಪಡಿಸಿದವರು ಮೂರನೆಯದರಲ್ಲಿ ಮನುಷ್ಯನ ದಿನಗಳನ್ನು ಇಮ್ಮಡಿ ಮಾಡಿಟ್ಟರು. ಇದು ಯಾಕೆ ಅಂತ ವಿವರಣೆ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಸರಿ, ಇನ್ನೊಂದು ಪಕ್ಷದ ಮಾತನ್ನೂ ಆಡಬೇಕು. ಒಬ್ಬ ಮ್ಯಾಜಿಸ್ಟ್ರೇಟರ ಹತ್ತಿರ ಇದನ್ನೆಲ್ಲ ಹೇಳಿದಾಗ ಅವರು ನಕ್ಕು, "ತಪ್ಪಿದಲ್ಲಿ ಅನ್ನೋ ಮಾತು ತೆಗೆದುಬಿಟ್ರೆ ಸಾಯಂಕಾಲದೊಳಗೆ ಒಬ್ಬನಾದ್ರೂ ದಂಡ ಕಟ್ಟಿ ಹೋಗ್ತಾನೇನ್ರಿ?" ಅಂದರು. ಅದು ನಿಜ. ಕುಡಿದು ಗಾಡಿ ಓಡಿಸಿದವನು, ಮಾರುವೇಷದ ಬಡವ, ಹೆಂಡತಿ ಹೆಸರಲ್ಲಿ ಸೈಟು ಇಟ್ಟು ಬರಿಗೈ ತೋರಿಸುವವನು, ಇವರೆಲ್ಲ ಹೆದರುವುದು ಆ ಒಂದು ಪದಕ್ಕೇ. ದಂಡ ವಸೂಲಿಗೆ ಕಾನೂನಿನಲ್ಲಿ ಬೇರೆ ದಾರಿಯೂ ಇದೆ: ಚರಾಸ್ತಿ ಜಪ್ತಿ ಮಾಡಿ ಮಾರಬಹುದು, ಜಿಲ್ಲಾಧಿಕಾರಿಗೆ ವಾರಂಟು ಕಳಿಸಿ ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಿಸಬಹುದು. ಅದು ಫೈಲು ಓಡಬೇಕಾದ ದಾರಿ. ಜೈಲಿನ ವ್ಯಾನು ಹೇಗೂ ಸಂಜೆ ಬಾಗಿಲಲ್ಲಿ ನಿಂತಿರುತ್ತದೆ. ಯಾವುದು ಸಲೀಸೋ ಅದೇ ನಡೆಯುತ್ತದೆ.

ನನ್ನ ಪ್ರಶ್ನೆ ಕೊಡಲೊಲ್ಲದವನ ಬಗ್ಗೆ ಅಲ್ಲ, ಕೊಡಲಾಗದವನ ಬಗ್ಗೆ. ಒಲ್ಲೆ ಅನ್ನುವುದಕ್ಕೂ ಆಗಲ್ಲ ಅನ್ನುವುದಕ್ಕೂ ವ್ಯತ್ಯಾಸ ಮಾಡಬೇಕು ಅನ್ನುವುದು ನಮ್ಮ ಕಾನೂನಿಗೆ ಹೊಸದೇನೂ ಅಲ್ಲ. ಸಾಲದ ವಿಷಯದಲ್ಲಿ ಅದು ಮಾಡಿಯಾಗಿದೆ. 1980ರಲ್ಲಿ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಸಾಲ ತೀರಿಸು ಅಂತ ಕೋರ್ಟು ಹೇಳಿದ ಡಿಕ್ರಿ ಹಣ ಕಟ್ಟಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕುವ ಹಾಗಿಲ್ಲ, ಇದ್ದೂ ಕೊಡದ ಕೆಟ್ಟ ಬುದ್ಧಿ ತೋರಿಸಬೇಕು, ಬಡತನ ಅಪರಾಧವಲ್ಲ ಅಂದರು. ಬ್ಯಾಂಕಿಗೆ ಲಕ್ಷಗಟ್ಟಲೆ ಬಾಕಿ ಇಟ್ಟವನಿಗೆ ಈ ಪ್ರಶ್ನೆ ಕೇಳಬೇಕು: ನಿನ್ನ ಹತ್ತಿರ ನಿಜವಾಗಿ ಇದೆಯೋ ಇಲ್ಲವೋ? ಸರ್ಕಾರಕ್ಕೆ ಹತ್ತು ಸಾವಿರ ಬಾಕಿ ಇಟ್ಟ ಹಮಾಲಿಗೆ ಅದನ್ನು ಕೇಳಲೇಬೇಕು ಅಂತ ಯಾವ ಕಲಮೂ ಹೇಳುವುದಿಲ್ಲ. ಅವನು ಸಾಲಗಾರನಲ್ಲ, ಅಪರಾಧಿ ಅನ್ನುವ ಉತ್ತರ ಬರುತ್ತದೆ. ಆದರೆ ಅಪರಾಧದ ಲೆಕ್ಕ ಅವನು ನಾಲ್ಕು ತಿಂಗಳು ಕೊಟ್ಟು ತೀರಿಸಿದ್ದಾನಲ್ಲ?

ಸುಪ್ರೀಂ ಕೋರ್ಟಿಗೆ ಇದು ಕಾಣಿಸಿಲ್ಲ ಅಂತಲ್ಲ. 2007ರಲ್ಲಿ ಮಧ್ಯಪ್ರದೇಶದ ಒಂದು ಮಾದಕವಸ್ತು ಪ್ರಕರಣ. ಹತ್ತು ವರ್ಷ ಸಜೆ, ಒಂದು ಲಕ್ಷ ದಂಡ, ತಪ್ಪಿದಲ್ಲಿ ಮೂರು ವರ್ಷ. ಕೋರ್ಟು ಆ ಮೂರು ವರ್ಷವನ್ನು ಆರು ತಿಂಗಳಿಗೆ ಇಳಿಸಿತು. ದಂಡ ಕಟ್ಟದ್ದಕ್ಕೆ ಬರುವ ಸಜೆ ಶಿಕ್ಷೆಯೇ ಅಲ್ಲ, ಅದು ಕಟ್ಟದ ಕಾರಣಕ್ಕೆ ಮೈಮೇಲೆ ಬೀಳುವ ಹೊರೆ, ಹಾಗಾಗಿ ಅದನ್ನು ವಿಧಿಸುವಾಗ ಮನುಷ್ಯನ ಸ್ಥಿತಿಗತಿ ನೋಡಬೇಕು ಅಂತ ಹೇಳಿತು. ಒಳ್ಳೆಯ ಮಾತು. ಆದರೆ ಆ "ಶಿಕ್ಷೆಯಲ್ಲ" ಅನ್ನುವುದಕ್ಕೆ ಇನ್ನೊಂದು ಅಂಚಿದೆ. 2018ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಮೂಲ ಶಿಕ್ಷೆಗಳಾದರೆ ಏಕಕಾಲಕ್ಕೆ ಅನುಭವಿಸಬಹುದು, ದಂಡದ ಸಜೆಗಳು ಮಾತ್ರ ಒಂದರ ಹಿಂದೆ ಒಂದು ಸಾಲಾಗಿಯೇ ನಡೆಯಬೇಕು ಅಂದಿತು. ಐದು ಕಲಂ ಅಡಿ ಐದು ದಂಡ ಬಿದ್ದರೆ ಐದೂ ಸಜೆ ಬಾಲದ ಹಾಗೆ ಒಂದಕ್ಕೊಂದು ಗಂಟುಬೀಳುತ್ತವೆ. ಜೈಲಿನವರ ಮಾತಿನಲ್ಲಿ ಹೇಳುವುದಾದರೆ, ಅವನು ಶಿಕ್ಷೆ ಮುಗಿಸಿ ದಂಡದಲ್ಲಿ ಇದಾನೆ.

ಚೆಕ್ ಬೌನ್ಸ್ ಕೇಸು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಪರಿಹಾರ ಕಟ್ಟದ್ದಕ್ಕೂ ಸಜೆ ಹಾಕಬಹುದು, ಸಜೆ ಅನುಭವಿಸಿ ಬಂದ ಮೇಲೂ ಪರಿಹಾರದ ಹಣ ವಸೂಲು ಮಾಡಬಹುದು ಅಂತ 2017ರಲ್ಲಿ ತೀರ್ಪಾಗಿದೆ. ಅದು ದುಡ್ಡು ಕಳೆದುಕೊಂಡವರ ಕಡೆಯಿಂದ ನೋಡಿದರೆ ನ್ಯಾಯವೇ. ಆ ಚರ್ಚೆಗೆ ಇವತ್ತು ಕೈಹಾಕುವುದಿಲ್ಲ.

ಹೊರದೇಶದವರು ಏನು ಮಾಡುತ್ತಾರೆ ಅಂತ ಒಂದು ಸುತ್ತು ನೋಡೋಣ, ಬೇಗ. ಅಮೆರಿಕದ ಟೆಕ್ಸಾಸಿನಲ್ಲಿ ಟ್ರಾಫಿಕ್ ದಂಡ ಒಟ್ಟು 425 ಡಾಲರ್ ಬಾಕಿ ಇದ್ದ ಒಬ್ಬ ಬಡವನನ್ನು ದಿನಕ್ಕೆ ಐದು ಡಾಲರ್ ಲೆಕ್ಕದಲ್ಲಿ 85 ದಿನ ಒಳಗೆ ಹಾಕಿದ್ದರು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ಸಮಾನತೆಗೆ ವಿರುದ್ಧ ಅಂದಿತು. 1983ರಲ್ಲಿ ಜಾರ್ಜಿಯಾದ ಇನ್ನೊಂದು ಪ್ರಕರಣದಲ್ಲಿ, ಕೆಲಸ ಕಳೆದುಕೊಂಡು ದಂಡದ ಬಾಕಿ ಕಟ್ಟಲಾಗದವನನ್ನು ಜೈಲಿಗೆ ಕಳಿಸುವ ಮೊದಲು, ಅವನು ಬೇಕೆಂದೇ ಕಟ್ಟಿಲ್ಲವೋ ಕೈಲಾಗದೆ ಕಟ್ಟಿಲ್ಲವೋ ಅಂತ ವಿಚಾರಿಸಲೇಬೇಕು ಅಂದಿತು. ತೀರ್ಪು ಇದೆ, ಆದರೂ ಕೆಳಗಿನ ಕೋರ್ಟುಗಳಲ್ಲಿ ಕೇಳದೆ ಕಳಿಸುವುದು ನಿಂತಿಲ್ಲ ಅಂತ ಅಲ್ಲಿನವರೇ ಬರೆಯುತ್ತಾರೆ. ನಮಗಿಂತ ದೊಡ್ಡವರೇನಲ್ಲ.

ಜರ್ಮನಿಯ ವಿಷಯ ನನಗೆ ಹೆಚ್ಚು ಹಿಡಿಸಿತು, ಯಾಕೆಂದರೆ ಅಲ್ಲಿ ಬೋರ್ಡು ಇದೆ. ಅಲ್ಲಿ ದಂಡವನ್ನು ರೂಪಾಯಿಯಲ್ಲಿ ಹೇಳುವುದಿಲ್ಲ, ದಿನಗಳಲ್ಲಿ ಹೇಳುತ್ತಾರೆ. ನಿನ್ನ ತಪ್ಪಿಗೆ ಮೂವತ್ತು ದಿನ ಅಂದರೆ ನಿನ್ನ ಮೂವತ್ತು ದಿನದ ಆದಾಯ ಕಟ್ಟು. ಕೂಲಿಯವನಿಗೆ ಅವನ ಕೂಲಿ, ಡಾಕ್ಟರಿಗೆ ಡಾಕ್ಟರ ಸಂಪಾದನೆ. ಫಿನ್ಲೆಂಡಿನಲ್ಲಿ ಇದು 1921ರಿಂದಲೇ ಇದೆ. 2002ರಲ್ಲಿ ನೋಕಿಯಾದ ನಿರ್ದೇಶಕರೊಬ್ಬರು ಐವತ್ತರ ರಸ್ತೆಯಲ್ಲಿ ಎಪ್ಪತ್ತೈದರಲ್ಲಿ ಬೈಕು ಓಡಿಸಿದ್ದಕ್ಕೆ 1,16,000 ಯೂರೋ ದಂಡ ಬಿದ್ದಿತ್ತು, ಆಮೇಲೆ ಆದಾಯ ಕಮ್ಮಿಯಾಗಿದೆ ಅಂತ ತೋರಿಸಿ ಇಳಿಸಿಕೊಂಡರು. ಜರ್ಮನಿಯಲ್ಲೂ ಕಟ್ಟದವನಿಗೆ ಜೈಲು ಇದೆ, ಟಿಕೆಟ್ ಇಲ್ಲದೆ ರೈಲು ಹತ್ತಿದವರೆಲ್ಲ ಒಳಗಿರುತ್ತಾರೆ. ಚಂದಾ ಎತ್ತಿ ಅಂಥವರನ್ನು ಬಿಡಿಸುವ ಗುಂಪೂ ಇದೆ. ಮೊದಲು ಒಂದು ದಿನದ ದಂಡಕ್ಕೆ ಒಂದು ದಿನ ಜೈಲು ಇತ್ತು. 2024ರ ಫೆಬ್ರವರಿಯಿಂದ ಎರಡು ದಿನದ ದಂಡಕ್ಕೆ ಒಂದು ದಿನ. ಸಂಸತ್ತು ಕೂತು ವಿನಿಮಯ ದರವನ್ನು ಬದಲಾಯಿಸಿತು ನೋಡಿ. ದರ ಅಂತ ಒಂದು ಇದ್ದರೆ ತಾನೇ ಬದಲಾಯಿಸುವುದು.

ನಮ್ಮಲ್ಲಿ ದರ ಹುಡುಕುವುದು ಕಷ್ಟವೇನಲ್ಲ. ಕರ್ನಾಟಕದ ಜೈಲುಗಳಲ್ಲಿ ಕೆಲಸ ಮಾಡುವ ಸಜಾ ಬಂದಿಗಳ ಕೂಲಿ ದಿನಕ್ಕೆ 500 ರೂಪಾಯಿ ದಾಟಿದೆ. ಆ ಲೆಕ್ಕದಲ್ಲಿ ಹತ್ತು ಸಾವಿರ ಇಪ್ಪತ್ತು ದಿನದ ದುಡಿಮೆ. ಒಳಗಿರುವವನ ಒಂದು ದಿನಕ್ಕೆ ಸರ್ಕಾರ ತಾನೇ ಕೊಡುವ ಬೆಲೆ 500, ತಾನು ಹಿಡಿದುಕೊಳ್ಳುವಾಗ 111. ಮಾರುವ ತಕ್ಕಡಿ ಒಂದು, ಕೊಳ್ಳುವ ತಕ್ಕಡಿ ಇನ್ನೊಂದು. ಅಂದಹಾಗೆ ಸಾದಾ ಸಜೆಯವನನ್ನು ಕೆಲಸಕ್ಕೆ ಹಚ್ಚಲೇಬೇಕೆಂದೇನಿಲ್ಲ. ಅವನಾಗಿ ಕೇಳಿದರೆ, ಕೆಲಸ ಇದ್ದರೆ ಉಂಟು.

ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆ ಬಂದಿದೆಯಲ್ಲ ಅಂತ ಬಹಳ ಜನ ಕೇಳುತ್ತಾರೆ. ಬಂದಿದೆ, ಆರೇ ಅಪರಾಧಗಳಿಗೆ. ಕುಡಿದು ಸಾರ್ವಜನಿಕವಾಗಿ ಗಲಾಟೆ ಮಾಡುವುದು, ಮಾನಹಾನಿ, ಇಂಥವು. ಅದರಲ್ಲೊಂದು, 5,000ಕ್ಕಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು, ಅದನ್ನು ಹಿಂತಿರುಗಿಸಿದರೆ. ನನ್ನ ಹಮಾಲಿಯ ಕೇಬಲ್ 4,200. ಅವನು ಒಂದು ವರ್ಷ ತಡವಾಗಿ ಕದ್ದಿದ್ದರೆ ಯಾವುದೋ ಆಸ್ಪತ್ರೆಯ ಅಂಗಳ ಗುಡಿಸಿ ಮನೆಗೆ ಹೋಗಬಹುದಿತ್ತು. ಆದರೆ ದಂಡ ಕಟ್ಟಲಾಗದವನಿಗೆ ಅದರ ಬದಲು ಸೇವೆ ಮಾಡಿಸುವ ದಾರಿಯನ್ನು 8ನೇ ಕಲಂ ಕೊಟ್ಟಿಲ್ಲ. ಉಲ್ಟಾ, ಸಮುದಾಯ ಸೇವೆಗೆ ತಪ್ಪಿದರೂ ಜೈಲು ಅಂತ ಸೇರಿಸಿದೆ.

ಕಂತಿನ ಬಗ್ಗೆ ಹೇಳಬೇಕು, ಹೇಳುವಾಗ ನನಗೇ ನಾಚಿಕೆ. ಬರೀ ದಂಡ ಮಾತ್ರ ವಿಧಿಸಿದ್ದರೆ, ಅದನ್ನು ಕಟ್ಟಲು ಮೂವತ್ತು ದಿನ ಕಾಲಾವಕಾಶ ಕೊಡಬಹುದು, ಇಲ್ಲವೇ ಎರಡು ಮೂರು ಕಂತು ಮಾಡಿಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 424, ಈಗ ನಾಗರಿಕ ಸುರಕ್ಷಾ ಸಂಹಿತೆಯ 464ನೇ ಕಲಂ. ಒಂದು ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಾರೆ. ವಕೀಲಿಯ ಮೊದಲ ನಾಲ್ಕು ವರ್ಷ ನಾನು ಈ ಕಲಮಿನ ಅಡಿ ಒಂದೇ ಒಂದು ಅರ್ಜಿ ಹಾಕಿರಲಿಲ್ಲ. ಗೊತ್ತೇ ಇರಲಿಲ್ಲ ಅಂತಲ್ಲ, ಪರೀಕ್ಷೆಗೆ ಓದಿದ್ದೆ. ತೀರ್ಪಿನ ದಿನ ಕಕ್ಷಿದಾರನ ಮನೆಯವರು ಕಾರಿಡಾರಿನಲ್ಲಿ ನಿಂತು ಅವರಿವರಿಗೆ ಫೋನು ಹಚ್ಚುತ್ತ, ಸಂಘದ ಸಾಲ, ಕೈಗಡ, ಓಲೆ ಅಡ ಅಂತ ಓಡಾಡುವಾಗ ನಾನು ಮುಂದಿನ ಕೇಸಿಗೆ ಎದ್ದು ನಿಂತಿರುತ್ತಿದ್ದೆ. ಗೆದ್ದವನು ಸೋತ, ಸೋತವನು ಸತ್ತ ಅಂತ ಕೋರ್ಟಿನ ಬಗ್ಗೆ ಗಾದೆ ಇದೆಯಲ್ಲ, ಅದರಲ್ಲಿ ವಕೀಲ ಎಲ್ಲಿದ್ದ ಅಂತ ಹೇಳಿಲ್ಲ. ಹಮಾಲಿಯ ಪ್ರಕರಣದಲ್ಲಿ ಈ ಕಲಂ ನೆನಪಿತ್ತು, ಆದರೆ ಅವನಿಗೆ ದಂಡದ ಜೊತೆ ಸಜೆಯೂ ಇತ್ತು. ಬಾಗಿಲು ಮುಚ್ಚಿತ್ತು.

ಇನ್ನೊಂದು ಬಾಗಿಲು ತೆರೆದಿತ್ತು, ನಮಗೆ ಯಾರಿಗೂ ಕಾಣಲಿಲ್ಲ. 2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಸುಪ್ರೀಂ ಕೋರ್ಟಿನ ಸಮಾರಂಭದಲ್ಲಿ, ಸಣ್ಣಪುಟ್ಟ ತಪ್ಪಿಗೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುವ ಬಡವರ ಬಗ್ಗೆ, ಬರೆದು ತಂದದ್ದನ್ನು ಪಕ್ಕಕ್ಕಿಟ್ಟು ಮಾತಾಡಿದರು. 2023ರ ಬಜೆಟ್ಟಿನಲ್ಲಿ ಬಡ ಕೈದಿಗಳಿಗೆ ನೆರವು ಅಂತ ಒಂದು ಯೋಜನೆ ಬಂತು, ವರ್ಷಕ್ಕೆ 20 ಕೋಟಿ ರೂಪಾಯಿ. ಆಗಿನ ನಿಯಮದಲ್ಲಿ ದಂಡ ಕಟ್ಟಲಾಗದ ಸಜಾ ಬಂದಿಗೆ 25,000ದವರೆಗೆ, ಜಾಮೀನಿನ ಹಣವಿಲ್ಲದ ವಿಚಾರಣಾಧೀನ ಕೈದಿಗೆ 40,000ದವರೆಗೆ. ದಂಡ ಕಟ್ಟದೆ ಒಬ್ಬ ಉಳಿದಿದ್ದಾನೆ ಅಂತ ಜೈಲಿನ ಅಧೀಕ್ಷಕರು ಏಳು ದಿನದೊಳಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಪ್ರಾಧಿಕಾರ ಇನ್ನು ಏಳು ದಿನದಲ್ಲಿ ಅವನ ಮನೆಯ ಸ್ಥಿತಿ ವಿಚಾರಿಸಬೇಕು, ಆಮೇಲೆ ಜಿಲ್ಲಾಧಿಕಾರಿ, ಎಸ್‌ಪಿ ಎಲ್ಲ ಇರುವ ಸಮಿತಿ ಮಂಜೂರು ಮಾಡಿ ಹಣವನ್ನು ನೇರ ಕೋರ್ಟಿಗೆ ಕಟ್ಟಬೇಕು. ಕಾಗದದ ಮೇಲೆ ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ. ಆದರೆ ಈ ಹಣ ಬಳಕೆಯಾಗುತ್ತಿಲ್ಲ ಅಂತ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ನನ್ನ ಕಕ್ಷಿದಾರನ ವಿಷಯದಲ್ಲಿ ಏಳು ದಿನ ಕಳೆಯಿತು, ಹದಿನಾಲ್ಕು ಕಳೆಯಿತು. ಯಾರೂ ಬರೆಯಲಿಲ್ಲ. ನಾನೂ ಕೇಳಲಿಲ್ಲ.

ಮೂವತ್ತಾರನೇ ದಿನ ಅವನ ಹೆಂಡತಿ ಕೋರ್ಟಿಗೆ ಬಂದಳು. ತಡೆದು ನಿಂತಿದ್ದ ಗೃಹಲಕ್ಷ್ಮಿಯ ಮೂರು ಕಂತು ಒಟ್ಟಿಗೆ ಬಿದ್ದಿತ್ತು. ಎರಡೆರಡು ಸಾವಿರದ ಮೂರು, ಆರು ಸಾವಿರ. ಎಟಿಎಮ್ಮಿನಿಂದ ತೆಗೆದ ಐನೂರರ ಹನ್ನೆರಡು ನೋಟು, ಬ್ಯಾಂಕಿನ ಪಾಸ್‌ಬುಕ್ಕಿನ ನಡುವೆ ಇಟ್ಟು, ಪಾಸ್‌ಬುಕ್ಕನ್ನು ರೇಷನ್ ಅಂಗಡಿಯ ಕವರಿನಲ್ಲಿ ಸುತ್ತಿದ್ದಳು.

ಕಚೇರಿಯ ಗುಮಾಸ್ತರು ಫೈಲು ತೆಗೆದು ನೋಡಿ, "ಹತ್ತು ಸಾವ್ರ ಅಮ್ಮಾ, ಆರಲ್ಲ. ಪೂರ್ತಿ ತಂದ್ಕಟ್ಟು" ಅಂದರು. ಕೆಟ್ಟ ಮನುಷ್ಯರಲ್ಲ. ಅವರಿಗೆ ಬಂದ ಅಭ್ಯಾಸ ಅದು, ದಂಡ ಅಂದರೆ ಪೂರ್ತಿ ದಂಡ.

ಆಗ ನನಗೆ ಹೊಳೆದದ್ದು ಐಪಿಸಿಯ 69ನೇ ಕಲಂ. ಇಡೀ ಎಂಟು ಕಲಂಗಳಲ್ಲಿ ಬಡವನ ಕಡೆ ನೋಡಿ ಬರೆದದ್ದು ಇದೊಂದೇ ಅಂತ ನನಗನ್ನಿಸುತ್ತದೆ. ಕಟ್ಟಿದಷ್ಟು ಹಣಕ್ಕೆ ತಕ್ಕ ಹಾಗೆ ದಿನಗಳು ಕಳೆಯಬೇಕು ಅನ್ನುತ್ತದೆ. ಅದರ ಕೆಳಗೆ ಒಂದು ಉದಾಹರಣೆಯೂ ಇದೆ: ನೂರು ರೂಪಾಯಿ ದಂಡ, ತಪ್ಪಿದಲ್ಲಿ ನಾಲ್ಕು ತಿಂಗಳು. ಮೊದಲ ತಿಂಗಳು ಮುಗಿಯುವುದರೊಳಗೆ ಎಪ್ಪತ್ತೈದು ಕಟ್ಟಿದರೆ, ತಿಂಗಳು ಮುಗಿದ ಕೂಡಲೇ ಬಿಡಬೇಕು. ನಾನು ಒಂದು ಹಾಳೆಯ ಹಿಂಭಾಗದಲ್ಲಿ ಬರೆದೆ. ಹತ್ತರಲ್ಲಿ ಆರು ಸಾವಿರ ಕಟ್ಟಿದರೆ ಉಳಿದದ್ದು ನಾಲ್ಕು, ಅಂದರೆ ನೂರಕ್ಕೆ ನಲವತ್ತು. ತೊಂಬತ್ತು ದಿನದಲ್ಲಿ ನೂರಕ್ಕೆ ನಲವತ್ತು ಅಂದರೆ ಮೂವತ್ತಾರು ದಿನ. "ಇವತ್ತಿಗೆ ಎಷ್ಟು ದಿನ ಆಯ್ತು ಸಾರ್?" ಅಂತ ಗುಮಾಸ್ತರನ್ನು ಕೇಳಿದೆ. ಅವರು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ನಿಟ್ಟು ಎಣಿಸಿದರು. ಎರಡು ಸಲ ಎಣಿಸಿದರು. ಕನ್ನಡಕ ತೆಗೆದು ಪುಸ್ತಕ ಇಸಿದುಕೊಂಡು ತಾವೇ ಓದಿದರು. ಆಮೇಲೆ ಒಂದು ಮೆಮೊ ಹಾಕಿ ಸಾಹೇಬರ ಮುಂದೆ ಇಡಿ ಅಂದರು. ಮಧ್ಯಾಹ್ನದ ಹೊತ್ತಿಗೆ ಆದೇಶವಾಯಿತು.

ರಸೀದಿ ಕೈಗೆ ಬಂದ ಮೇಲೆ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು, "ಈ ದುಡ್ಡು ಆ ಕೇಬಲ್ ಗೌಡ್ರಿಗೆ ಹೋಗುತ್ತಾ ಸಾರ್?"

"ಇಲ್ಲಮ್ಮ, ಅವರ ಕೇಬಲ್ ಅವರಿಗೆ ಸಿಕ್ತು. ಇದು ಸರ್ಕಾರಕ್ಕೆ."

"ಹಂಗಾರೆ ಅವ್ರೇ ಕೊಟ್ಟು ಅವ್ರೇ ಇಸ್ಕಂಡ್ರು ಬಿಡಿ" ಅಂದಳು. ಸಿಟ್ಟೇನೂ ಇರಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ಮೂರು ತಿಂಗಳ ಗೃಹಲಕ್ಷ್ಮಿ ಅಲ್ಲಿಗೆ ಮುಗಿಯಿತು.

ಭಾಷಣ ಮುಗಿದ ಮೇಲೆ ನಡೆದದ್ದನ್ನೂ ಸೇರಿಸಿಬಿಡುತ್ತೇನೆ. ಹಿಂದಿನ ಸಾಲಿನಲ್ಲಿದ್ದ ಯುವಕನೊಬ್ಬ, ನಮ್ಮೂರಲ್ಲಿ ಹೀಗೆ ಯಾರಾದರೂ ಇದ್ದರೆ ಯಾರನ್ನು ಕೇಳಬೇಕು ಅಂತ ಕೇಳಿದ. ಕಾನೂನು ಸೇವೆಯ ಸಹಾಯವಾಣಿ 15100, ದುಡ್ಡು ಬೀಳುವುದಿಲ್ಲ ಅಂದೆ. ಬಡ ಕೈದಿಗಳ ಯೋಜನೆಯ ಅರ್ಜಿ ಎಲ್ಲಿಗೆ ಹೋಗಿದೆ ಅಂತ ಹೆಸರು ಹಿಡಿದು ಕೇಳು, ಸುಮ್ಮನೆ ಸಹಾಯ ಮಾಡಿ ಅನ್ನಬೇಡ ಅಂದೆ. ಪಕ್ಕದಲ್ಲಿದ್ದ ಒಬ್ಬರು ಹಿರಿಯರು, ಹಾಗಾದರೆ ಕಳ್ಳರಿಗೆಲ್ಲ ನಮ್ಮ ತೆರಿಗೆಯಲ್ಲಿ ದಂಡ ಕಟ್ಟಬೇಕೇನ್ರಿ ಅಂತ ರೇಗಿದರು. ತೊಂಬತ್ತು ದಿನ ಅವರ ಊಟ, ಕಾವಲು, ಔಷಧಿ ಈಗ ಯಾರ ತೆರಿಗೆಯಲ್ಲಿ ನಡೀತಿದೆ ಅಂತ ನಾನೂ ಕೇಳಿದೆ. ಅವರು ಒಪ್ಪಲಿಲ್ಲ. ಮೆಟ್ಟಿಲಿಳಿಯುವವರೆಗೂ ವಾದ ನಡೆಯಿತು.

ಕೆಳಗೆ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬರು ಹತ್ತಿರ ಬಂದರು. ಮಫ್ತಿಯಲ್ಲಿದ್ದರು, ಕೋರ್ಟ್ ಡ್ಯೂಟಿಯ ಪಿಸಿ. ಕೈದಿಗಳನ್ನು ವ್ಯಾನು ಹತ್ತಿಸುವವರು. "ಅರವತ್ತೊಂಬತ್ತು ಅಂದ್ರಲ್ಲ ಸಾರ್, ಹೊಸ ಕಾನೂನಲ್ಲಿ ಅದು ಎಷ್ಟನೇದು?" ಅಂದರು.

"ಎಂಟು, ಉಪಕಲಂ ಆರು."

ಜೇಬಿನಿಂದ ಸಣ್ಣ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು. "ನೀವೇ ಬರ್ಕೊಡಿ. ಆ ನೂರು ರೂಪಾಯಿ ಲೆಕ್ಕಾನೂ ಬರೀರಿ." ಬರೆದುಕೊಟ್ಟೆ.